ಮಗು ಹುಟ್ಟಿದ ಮೇಲೆ ತುಂಬೋ ಪಾರ್ಟೋಗ್ರಾಫ್

ಲೇಬರ್ ರೂಮಲ್ಲಿ ಸ್ಟಾಫ್ ನರ್ಸ್ ಆಗಿ ಹದಿನಾಲ್ಕು ವರ್ಷ ಆಯ್ತು. ಇದನ್ನ ಬರೆದ್ರೆ ನಮ್ಮೋರೇ ಬೈತಾರೆ, ಗೊತ್ತು. ಎಷ್ಟೋ ಪಾರ್ಟೋಗ್ರಾಫ್‌ಗಳನ್ನ, ಅಂದ್ರೆ ಹೆರಿಗೆ ಹೆಂಗೆ ಸಾಗ್ತಿದೆ ಅಂತ ಆಗಾಗಲೇ ಬರೀಬೇಕಾದ ಶೀಟ್‌ಗಳನ್ನ, ತುಂಬೋದು ಮಗು ಹುಟ್ಟಿ, ತಾಯಿನ ವಾರ್ಡಿಗೆ ಕಳಿಸಿ, ಒಂದು ಟೀ ಕುಡಿದ ಮೇಲೆ. ನಾನೂ ಹಂಗೆ ತುಂಬಿದೀನಿ. ಅಂಥ ಶೀಟಲ್ಲಿ ಗರ್ಭಕೋಶದ ಬಾಯಿ ಗಂಟೆಗೆ ಸರಿಯಾಗಿ ಒಂದು ಸೆಂಟಿಮೀಟರ್ ತೆರೆಯುತ್ತೆ, ಮಗು ಹಾರ್ಟ್‌ಬೀಟ್ ಶುರುವಿಂದ ಕೊನೆವರೆಗೂ 140. ನಿಜವಾದ ಹೆರಿಗೆ ಯಾವತ್ತಾದ್ರೂ ಅಷ್ಟು ಒಪ್ಪವಾಗಿ ಆಗಿದ್ಯಾ?

ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಇದು ಒಂದೇ ಹಾಳೆ, ಅರ್ಧ ಗಂಟೆಗೊಂದ್ಸಲ ಮಗು ಎದೆಬಡಿತ ಕೇಳ್ಬೇಕು, ಹೊಟ್ಟೆ ಮೇಲೆ ಕೈ ಇಟ್ಕೊಂಡು ಹತ್ತು ನಿಮಿಷದಲ್ಲಿ ಎಷ್ಟು ನೋವು ಬಂತು ಅಂತ ಎಣಿಸ್ಬೇಕು, ನಾಲ್ಕು ಗಂಟೆಗೊಂದ್ಸಲ ಒಳಗೆ ಪರೀಕ್ಷೆ ಮಾಡಿ ಬಾಯಿ ಎಷ್ಟು ತೆರೆದಿದೆ ತಲೆ ಎಷ್ಟು ಇಳಿದಿದೆ ನೋಡ್ಬೇಕು, ಮಗು ಸುತ್ತ ಇರೋ ನೀರು ಹಸಿರಾಗಿದ್ರೆ ಅದನ್ನೂ ಬರೀಬೇಕು. ಅದ್ರಲ್ಲಿ ಎರಡು ಗೆರೆ ಇರುತ್ತೆ, ಬಾಯಿ ಗಂಟೆಗೊಂದು ಸೆಂಟಿಮೀಟರ್‌ಗಿಂತ ನಿಧಾನವಾಗಿ ತೆರೆದ್ರೆ ಎಚ್ಚರಿಸೋ ಅಲರ್ಟ್ ಲೈನ್, ಇನ್ನು ಏನಾದ್ರೂ ಮಾಡ್ಲೇಬೇಕು ಅನ್ನೋ ಆಕ್ಷನ್ ಲೈನ್. ಇವನ್ನ 1972ರಲ್ಲಿ ಫಿಲ್ಪಾಟ್ ಮತ್ತೆ ಕ್ಯಾಸಲ್ ಅನ್ನೋ ಡಾಕ್ಟರುಗಳು ಆಗಿನ ರೊಡೇಷ್ಯಾದಲ್ಲಿ, ಅಂದ್ರೆ ಈಗಿನ ಜಿಂಬಾಬ್ವೆಯಲ್ಲಿ ಹಾಕಿದ್ದು. ಯಾರಿಗೋಸ್ಕರ? ಡಾಕ್ಟರ್ ಇಲ್ದಿರೋ ಕಡೆ ಹೆರಿಗೆ ಮಾಡಿಸೋ ನರ್ಸಮ್ಮನಿಗೆ, ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು ಅಂತ ಹೊತ್ತಿಗೆ ಮುಂಚೆ ಗೊತ್ತಾಗ್ಲಿ ಅಂತ. ಅಂದ್ರೆ ನಮ್ಮಂಥೋರಿಗೇ.

ಒಂದ್ ರಾತ್ರಿ ಚೊಚ್ಚಲ ಹೆರಿಗೆ ಕೇಸು. ಅವತ್ತು ಪುಣ್ಯಕ್ಕೆ ಟೇಬಲ್ ಮೇಲೆ ಒಬ್ಬಳೇ ಇದ್ಲು, ಹಂಗಾಗಿ ಆಗಾಗಲೇ ಬರೀತಿದ್ದೆ. ಒಂಬತ್ತಕ್ಕೆ 5 ಸೆಂಟಿಮೀಟರ್, ರಾತ್ರಿ ಒಂದಕ್ಕೆ ನೋಡಿದ್ರೆ 6. ನೋವು ಇಳಿದ ಮೇಲೂ ಮಗು ಹಾರ್ಟ್‌ಬೀಟ್ 100ರ ಹತ್ರಾನೇ, 110ಕ್ಕಿಂತ ಕೆಳಗೆ ಬರಬಾರದು ಅದು. ರೆಫರ್ ಅಂದೆ. ಅವಳ ಅತ್ತೆ ಜಗಳಕ್ಕೆ ನಿಂತ್ರು, "ಇನ್ನೊಂದ್ ಸ್ವಲ್ಪ ಹೊತ್ತು ನೋಡಿ ಸಿಸ್ಟರ್, ಎಲ್ಲಾದಕ್ಕೂ ಆಪರೇಷನ್ ಅಂದ್ರೆ ಹೆಂಗೆ?" ಶೀಟ್ ತಂದು ತೋರಿಸ್ದೆ. ನೋಡಿ ಅಮ್ಮ, ಈ ಗೆರೆಯ ಈ ಕಡೆ ಇರ್ಬೇಕಿತ್ತು, ದಾಟಿ ಆ ಕಡೆ ಹೋಗಿದೆ. ಆಯಮ್ಮನಿಗೆ ಓದಕ್ಕೆ ಬರಲ್ಲ, ಗೆರೆ ಅರ್ಥ ಆಯ್ತು. ಆಂಬುಲೆನ್ಸ್ ಹತ್ತಿದ್ರು, ಸಿಜೇರಿಯನ್ ಆಯ್ತು, ಮಗು ಚೆನ್ನಾಗಿದೆ. ಬೆಳಿಗ್ಗೆ ಕೂತ್ಕೊಂಡು ತುಂಬೋ ಶೀಟ್ ಆಗಿದ್ರೆ ಅವರಿಗೆ ಏನ್ ತೋರಿಸ್ತಿದ್ದೆ ನಾನು?

ಈಗ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಶೀಟ್ ಕೊಟ್ಟಿದೆ, ಲೇಬರ್ ಕೇರ್ ಗೈಡ್ ಅಂತ. ಗಂಟೆಗೊಂದು ಸೆಂಟಿಮೀಟರ್ ಆಗ್ಲೇಬೇಕು ಅನ್ನೋ ಲೆಕ್ಕ ಬಿಟ್ಟು 5 ಸೆಂಟಿಮೀಟರ್‌ನಿಂದ ಶುರು ಮಾಡ್ತಾರೆ, ಜೊತೆಗೆ ಯಾರಾದ್ರೂ ಇದಾರಾ, ಕುಡಿಯೋಕೆ ಕೊಟ್ರಾ ಅನ್ನೋದೂ ಇದೆ. ನಂಗೆ ಅದು ಇಷ್ಟಾನೇ. ಆದ್ರೆ ಮೂರು ಟೇಬಲ್ಲಿಗೆ ಒಬ್ಬಳೇ ಸಿಸ್ಟರ್ ಇದ್ರೆ ಅರ್ಧ ಗಂಟೆಗೊಂದ್ಸಲ ಮಗು ಎದೆಬಡಿತ ಕೇಳೋ ಡಾಪ್ಲರ್ ಯಾರು ಇಡ್ತಾರೆ ಸ್ವಾಮಿ? ಚೆಕಿಂಗಿಗೆ ಬರೋರು ಶೀಟ್ ತುಂಬಿದ್ಯಾ ಅಂತ ನೋಡ್ತಾರೆ, ಯಾವಾಗ ತುಂಬಿದ್ದು ಅಂತ ಒಬ್ರೂ ಕೇಳಲ್ಲ.

ಈಗ ನಾನು ನೋಡಕ್ಕಾಗದೇ ಇದ್ದ ಹೊತ್ತಿನ ಜಾಗ ಖಾಲಿ ಬಿಡ್ತೀನಿ. ಹೋದ ತಿಂಗಳು ಅದಕ್ಕೆ ಮೆಮೋನೂ ಬಂತು. "ಆ ಹೊತ್ತಲ್ಲಿ ಪಕ್ಕದ ಟೇಬಲಲ್ಲಿ ಮಗು ಹಿಡೀತಿದ್ದೆ" ಅಂತ ಉತ್ತರ ಬರೆದು ಕೊಟ್ಟಿದೀನಿ.