ವಲೆನ್ಸಿಯಾದ ಬೇಸಿಗೆ ಎಂದರೆ ಟೊಮೆಟೊ ಎರಚಾಟ ಮಾತ್ರವಲ್ಲ
ಸ್ಪೇನಿನ ವಲೆನ್ಸಿಯಾ ಸ್ವಾಯತ್ತ ಪ್ರದೇಶದ ಬೇಸಿಗೆ ಹಬ್ಬಗಳನ್ನು ಕುರಿತು ನಾನು ಓದಿದ ಲೇಖನವೊಂದು ಸೊಗಸಾಗಿದೆ. ಆದರೆ ಅದರ ಬಹುಪಾಲು ಬುನ್ಯೋಲ್ ಊರಿನ ಟೊಮೆಟೊ ಎರಚಾಟಕ್ಕೇ ಮೀಸಲಾಗಿ, ಎಲ್ಚೆ ನಗರದ ಆಗಸ್ಟ್ ಉತ್ಸವವಾದ ‘ಮಿಸ್ತೇರಿ ದೆಲ್ಚ್’ ಗೀತನಾಟಕದ ಹೆಸರೂ ಬಾರದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು.

ಮಾತೆ ಮರಿಯಳ ಮರಣ ಮತ್ತು ಸ್ವರ್ಗಾರೋಹಣದ ಕಥೆಯನ್ನು ಎಲ್ಚೆಯ ಜನರು ಪ್ರತಿವರ್ಷ ಆಗಸ್ಟ್ 14 ಮತ್ತು 15ರಂದು ಸಾಂತಾ ಮರೀಯಾ ಬಸಿಲಿಕಾದ ಒಳಗೇ, ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲಿಯೇ ಅಭಿನಯಿಸುತ್ತಾರೆ. ಹೆಚ್ಚಿನ ಸಾಹಿತ್ಯವೆಲ್ಲ ಹಳೆಯ ವಲೆನ್ಸಿಯನ್ ಭಾಷೆಯದು. ಪರಂಪರೆಯಂತೆ ಮರಿಯಳ ಪಾತ್ರವನ್ನೂ ಬಾಲಕನೇ ವಹಿಸುತ್ತಾನೆ. ಗುಮ್ಮಟದ ಕೆಳಗೆ ಬಿಗಿದ, ಆಕಾಶದ ಚಿತ್ರವಿರುವ ಬಟ್ಟೆಯ ಬಾಗಿಲು ತೆರೆದಾಗ ದಾಳಿಂಬೆಯ ಹೆಸರಿನ ಗೋಳವೊಂದು ಹಗ್ಗದ ಮೇಲೆ ಇಳಿಯತೊಡಗುತ್ತದೆ. ನಡುದಾರಿಯಲ್ಲಿ ಅದರ ಎಸಳುಗಳು ಬಿಚ್ಚಿಕೊಂಡು, ಒಳಗಿರುವ ದೇವದೂತನ ವೇಷದ ಹುಡುಗ ಕೈಯಲ್ಲಿ ತಾಳೆಗರಿ ಹಿಡಿದು, ಅಷ್ಟು ಎತ್ತರದಲ್ಲಿ ತೂಗಾಡುತ್ತಲೇ ಹಾಡುತ್ತಾನೆ. ಎಳೆಯ ಮಗುವಿನ ಆ ಧೈರ್ಯವೂ, ಹಗ್ಗವನ್ನು ಮೇಲಿನಿಂದ ಅಳತೆಯಾಗಿ ಸಡಿಲಿಸುವವರ ಕೈಚಳಕವೂ ಮೆಚ್ಚತಕ್ಕವು.

ಚರ್ಚಿನೊಳಗೆ ನಾಟಕವಾಡುವುದಕ್ಕೆ ಆಕ್ಷೇಪವೆದ್ದಾಗ, 1632ರಲ್ಲಿ ಪೋಪ್ ಎಂಟನೆಯ ಅರ್ಬನ್ ವಿಶೇಷ ಅನುಮತಿ ನೀಡಿದ್ದರಿಂದಲೇ ಈ ಪರಂಪರೆ ಉಳಿಯಿತು. ಯುನೆಸ್ಕೊ 2001ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಘೋಷಿಸಿತು.

ಹಿಂದಿ ಚಲನಚಿತ್ರವೊಂದರಿಂದ ಬುನ್ಯೋಲ್ ನಮ್ಮವರಿಗೆ ಚಿರಪರಿಚಿತವಾಗಿದೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ ಅತ್ತ ಹೋಗುವ ಕನ್ನಡಿಗರು ಎಲ್ಚೆಗೂ ಎರಡು ದಿನ ಮೀಸಲಿಡಬೇಕು. ಸಾಧ್ಯವಾದರೆ, ಊರಿನ ಆಗಸವೆಲ್ಲ ಬಾಣಬಿರುಸುಗಳಿಂದ ಬೆಳಗುವ 13ರ ರಾತ್ರಿಯೇ ಅಲ್ಲಿರಬೇಕೆಂದು ನನ್ನ ಮನಃಪೂರ್ವಕ ಕೋರಿಕೆ.