ಸ್ಪಷ್ಟನೆ: ‘ಮಕ್ಕಳ ಜಗಳಕ್ಕೆ ಶಾಲೆ ಹೊಣೆಯಲ್ಲ’ ಎಂಬ ಸಂದೇಶ ಸರಿಯಲ್ಲ

‘ಶಿಕ್ಷಕರು ಹೊಡೆದರೆ ಮಾತ್ರ ಶಾಲೆ ಹೊಣೆ. ಸಹಪಾಠಿಗಳು ಪೀಡಿಸಿದರೆ ನೇರ ಪೊಲೀಸ್ ಠಾಣೆಗೆ ಹೋಗಿ, ವಿಡಿಯೊ ಹಂಚಿ’ ಎಂಬ ಸಂದೇಶ ಕಾರವಾರ, ಶಿರಸಿ ಕಡೆಯ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದನ್ನು ನಂಬಬೇಡಿ.

ಕೇಂದ್ರ ಶಿಕ್ಷಣ ಸಚಿವಾಲಯದ 2021ರ ಮಾರ್ಗಸೂಚಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳಿಗೂ ಮಕ್ಕಳ ಸುರಕ್ಷತೆಯ ಹೊಣೆ ಹೊರಿಸಿದೆ. ಶಾಲೆಯದೇ ವಾಹನವೂ ಅದರೊಳಗೆ ಬರುತ್ತದೆ. ಮಗು ಯಾರ ಸುಪರ್ದಿಯಲ್ಲಿದೆಯೋ ಅವರು ಬೇಕೆಂದೇ ನಿರ್ಲಕ್ಷಿಸಿ ಮಗು ನರಳುವಂತಾದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಅನ್ವಯಿಸಬಹುದು.

ದೂರು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎಲ್ಲವೂ ಬಾಯಿಮಾತಿನಲ್ಲೇ ಮುಗಿದಿರುತ್ತದೆ. ‘ಹೇಳಿದ್ದೆವು’ ಎಂದರೆ ‘ನಮಗೆ ಗೊತ್ತೇ ಇಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಮುಖ್ಯ ಶಿಕ್ಷಕರಿಗೆ ಎರಡು ಪ್ರತಿಯಲ್ಲಿ ಬರೆದು ಕೊಡಿ. ದಿನಾಂಕ, ಸಮಯ, ಜಾಗ, ಕಂಡವರ ಹೆಸರು, ಆಡಿದ ಮಾತು ಇದ್ದ ಹಾಗೇ ಇರಲಿ. ಒಂದು ಪ್ರತಿಗೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಗಾಯವಾಗಿದ್ದರೆ ಅಂದೇ ವೈದ್ಯರ ಚೀಟಿ ಪಡೆಯಿರಿ. ಶಾಲೆ ಸುಮ್ಮನಿದ್ದರೆ ಅದೇ ಪ್ರತಿಯೊಂದಿಗೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬಳಿಗೆ, ಆಮೇಲೆ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ (ಡಿಡಿಪಿಐ) ಬಳಿಗೆ ಹೋಗಿ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಭಟ್ಕಳ ಕಾರವಾರಕ್ಕೆ ಸೇರಿದ್ದು; ಅಲ್ಲಿಯವರು ಶಿರಸಿಗೆ ಹೋದರೆ ಬಸ್ಸಿನ ದುಡ್ಡು ದಂಡ.

ಲೈಂಗಿಕ ಕಿರುಕುಳವಾದರೆ ಈ ಮೆಟ್ಟಿಲು ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದ ಶಾಲೆಯೇ ಪೊಲೀಸರಿಗೆ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿ ಹಗಲಿರುಳೂ ಉಚಿತ.

ವಿಡಿಯೊ ಹಂಚುವುದಂತೂ ಬೇಡವೇ ಬೇಡ. ಹೊಡೆದವನಿರಲಿ, ಹೊಡೆಸಿಕೊಂಡವನಿರಲಿ, ಪ್ರಕರಣದಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ: 6 ತಿಂಗಳವರೆಗೆ ಸೆರೆ ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.