ಗೂಟವಿಲ್ಲದ ಬೇಲಿ

ಬೇಲಿಯೆಂದರೆ ಹಗ್ಗ ಹಿಡಿದು ನೇರ ನೋಡಿ, ಕುಳಿ ತೋಡಿ, ಗೂಟ ನೆಟ್ಟು ಆಮೇಲೆ ಮಿಕ್ಕ ಮಾತು ಎಂದು ನಂಬಿದವರಿಗೆ ಅಮೆರಿಕದ ವರ್ಜೀನಿಯಾ ಸೀಮೆಯ ಹಳೆಯ ಅಂಕುಡೊಂಕು ಬೇಲಿ ಸೋಮಾರಿಗಳ ಕೆಲಸವೆಂದೇ ತೋರೀತು. ಅದಕ್ಕೆ ಕುಳಿಯಿಲ್ಲ, ಗೂಟವಿಲ್ಲ, ಒಂದು ಮೊಳೆಯೂ ಇಲ್ಲ. ಹತ್ತು ಹನ್ನೊಂದು ಅಡಿಯ ಮರದ ಸೀಳುಗಳನ್ನು ಓರೆಯಾಗಿಟ್ಟು, ಒಂದರ ತುದಿಯ ಮೇಲೆ ಮತ್ತೊಂದರ ತುದಿ ಕೂರುವಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತ ಏಳೆಂಟು ವರಸೆ ಪೇರಿಸಿದರೆ ಮುಗಿಯಿತು. ಅರ್ಧ ತೆರೆದ ಪುಸ್ತಕ ಮೇಜಿನ ಮೇಲೆ ತಾನೇ ನಿಲ್ಲುವಂತೆ ಈ ಬೇಲಿ ತನ್ನ ಡೊಂಕಿನ ಬಲದಿಂದಲೇ ನಿಲ್ಲುತ್ತದೆ. ನೆಟ್ಟಗೆ ಪೇರಿಸಿದ್ದರೆ ಹೋರಿಯೊಂದು ಮೈ ಉಜ್ಜಿದ ಕೂಡಲೇ ಮಲಗಿಬಿಡುತ್ತಿತ್ತು.

ಜಾಣ್ಮೆ ಇದ್ದಷ್ಟೇ ದುಂದೂ ಇದರಲ್ಲಿದೆ. ನೇರ ಬೇಲಿಗಿಂತ ಹೆಚ್ಚು ಮರ ಬೇಕು, ಬಾಗಿದ ಮೂಲೆಗಳು ಹೊಲದ ಅಂಚನ್ನು ಅಡಿಗಟ್ಟಲೆ ನುಂಗುತ್ತವೆ. ಆದರೆ ಕಾಡು ಕಡಿದು ಹೊಲ ಮಾಡುತ್ತಿದ್ದ ವಲಸಿಗನಿಗೆ ಮರಕ್ಕೆ ಬರವಿರಲಿಲ್ಲ. ಬರವಿದ್ದದ್ದು ಆಳುಗಳಿಗೆ ಮತ್ತು ಕಬ್ಬಿಣಕ್ಕೆ. ದನ, ಹಂದಿಗಳನ್ನು ಅಡವಿಗೆ ಅಟ್ಟಿ ಬೆಳೆಗೆ ಬೇಲಿ ಹಾಕುವುದು ಅಲ್ಲಿನ ಅಂದಿನ ಕಾನೂನಾಗಿತ್ತು. ನಮ್ಮಲ್ಲಿ ತುಡುಗು ದನದ ಯಜಮಾನ ಬೈಸಿಕೊಳ್ಳುತ್ತಾನೆ. ಅಲ್ಲಿ ಬೈಸಿಕೊಳ್ಳುತ್ತಿದ್ದವನು ಮುರುಕು ಬೇಲಿಯ ಯಜಮಾನ. ಬಳಸದ ಆ ಮೂಲೆಗಳಲ್ಲಿ ಮುಳ್ಳುಹಣ್ಣಿನ ಪೊದೆ ಬೆಳೆದು ಮೊಲ, ಹಕ್ಕಿಗಳು ಸಂಸಾರ ಹೂಡುತ್ತಿದ್ದವು. ಅಂಥ ದುಂದಿಗೆ ನನ್ನ ತಕರಾರಿಲ್ಲ.

ಸೀಳಲು ಬಲು ಮೆಚ್ಚಿನ ಮರ ಚೆಸ್ಟ್‌ನಟ್: ಎಳೆ ನೇರ, ಕೊಳೆಯುವುದು ನಿಧಾನ. ದಿಮ್ಮಿಯ ತುದಿಗೆ ಕಬ್ಬಿಣದ ಬೆಣೆಯಿಟ್ಟು ಹೊಡೆದು, ಬಿರುಕು ಓಡಿದ ಕಡೆ ಮರದ ಬೆಣೆ ತೂರಿಸಿ ಕೊಡತಿಯಿಂದ ಬಡಿಯುತ್ತ ಹೋದರೆ ಮರ ತನ್ನ ಎಳೆಯ ಗುಂಟ ಬಾಯ್ಬಿಡುತ್ತದೆ. ಗರಗಸಕ್ಕೆ ಎಳೆಯ ಪರಿವೆಯಿಲ್ಲ. ಸೀಳಿದ ಮರದಲ್ಲಿ ಮಾತ್ರ ಎಳೆ ತುಂಡಾಗದೆ ಉಳಿಯುವುದರಿಂದ ಮಳೆನೀರು ಒಳಗಿಳಿಯುವುದು ಕಡಿಮೆ.

ಈ ಬೆವರಿನ ಕೆಲಸಕ್ಕೆ ರಾಜಕೀಯದ ಬೆಲೆ ಬಂದದ್ದು 1860ರ ಮೇ ತಿಂಗಳಲ್ಲಿ. ಇಲಿನಾಯ್ ರಾಜ್ಯದ ಡೆಕೇಟರ್‌ನಲ್ಲಿ ಸೇರಿದ್ದ ರಿಪಬ್ಲಿಕನ್ ಸಮಾವೇಶಕ್ಕೆ ಜಾನ್ ಹ್ಯಾಂಕ್ಸ್ ಎಂಬಾತ ಎರಡು ಸೀಳುಗಳನ್ನು ಹೊತ್ತು ತಂದು, ಇವು ಈಗ ಅಧ್ಯಕ್ಷ ಪದವಿಗೆ ಹೊರಟಿರುವ ಅಬ್ರಹಾಂ ಲಿಂಕನ್ 1830ರಲ್ಲಿ ಸೀಳಿದವು ಎಂದು ಸಾರಿದ. ಇವು ತಾವು ಸೀಳಿದವೇ ಎಂದು ಖಚಿತವಾಗಿ ಹೇಳಲಾಗದು, ಇವಕ್ಕಿಂತ ಚೆನ್ನಾದವನ್ನು ಸೀಳಿದ್ದುಂಟು ಎಂಬರ್ಥದಲ್ಲಿ ಲಿಂಕನ್ ಉತ್ತರಿಸಿದರಂತೆ. ವಕೀಲರಲ್ಲವೇ!

1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಇಷ್ಟೊಂದು ಮರ ಪೇರಿಸುವುದು ಯಾರಿಗೂ ಬೇಡವಾಯಿತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಚೆಸ್ಟ್‌ನಟ್ ಕಾಡುಗಳನ್ನೇ ಮುಗಿಸಿತು. ಅದಕ್ಕೂ ಮೊದಲೇ ಬೇಲಿಗೆ ಅದರ ಸಲೀಸೇ ಮುಳುವಾಗಿತ್ತು. ಹೊಲ ಬದಲಿಸಿದ ರೈತ ಅದನ್ನು ಬಿಚ್ಚಿ ಗಾಡಿಗೆ ಹೇರಬಹುದಾಗಿದ್ದರೆ, ಅಂತರ್ಯುದ್ಧದ ಸೈನಿಕರೂ ಬಿಚ್ಚಿ ಒಲೆಗೆ ಹಾಕಬಹುದಾಗಿತ್ತು. ರೈತರ ಗೋಳು ಕೇಳಲಾರದೆ ಅಧಿಕಾರಿಗಳು ತೀರ ಮೇಲಿನ ಸೀಳನ್ನಷ್ಟೇ ತೆಗೆಯಬೇಕೆಂದು ಅಪ್ಪಣೆ ಕೊಟ್ಟ ಕತೆಯೊಂದಿದೆ. ಬಂದ ಪ್ರತಿಯೊಬ್ಬ ಸೈನಿಕನೂ ತಾನು ಬಂದಾಗ ಮೇಲಿದ್ದುದನ್ನಷ್ಟೇ ಒಯ್ದ. ಬೆಳಗಾಗುವಾಗ ಬೇಲಿ ಇರಲಿಲ್ಲ, ಅಪ್ಪಣೆ ಮೀರಿದವನೂ ಇರಲಿಲ್ಲ.